ಗಿಟಾರಿನ ಹೊಟ್ಟೆಯೊಳಗಿನ ತೂತುಗಳು

ಗೆಳೆಯನೊಬ್ಬ ತನ್ನ ಎಲೆಕ್ಟ್ರಿಕ್ ಗಿಟಾರನ್ನು ತಂತಿ ಬದಲಾಯಿಸೋಕೆ ಅಂತ ನನ್ನ ಟೇಬಲ್ ಮೇಲೆ ಮಲಗಿಸಿದ್ದ. ಹಳೇ ತಂತಿ ಬಿಚ್ಚಿ, ಬೋರಲು ಹಾಕಿ ಒರೆಸುತ್ತಿದ್ದಾಗ ಸುಮ್ನೆ ಬೆರಳಗಂಟಿನಿಂದ ಅದರ ಬೆನ್ನಿನ ಮೇಲೆ ತಟ್ಟಿದೆ. ತಂತಿಗಳನ್ನು ಬಾಡಿಯ ಮೇಲೆ ಹೊತ್ತಿರುವ ಬ್ರಿಜ್ ಇರುವ ಜಾಗದ ಹಿಂದೆ 'ಠಕ್' ಅಂದಿತು. ನಾಲ್ಕು ಬೆರಳು ಆಚೆ ತಟ್ಟಿದರೆ 'ಡಬ್'. ಮತ್ತೆ ಈ ಕಡೆ, ಠಕ್. ಆ ಕಡೆ, ಡಬ್.

"ಒಳಗೆ ಟೊಳ್ಳು ಕಣೋ ಇದು" ಅಂದೆ.

ಅವನ ಮುಖ ನೋಡಬೇಕಿತ್ತು. ಎಂಟು ವರ್ಷದಿಂದ ಅದನ್ನೇ ನುಡಿಸುತ್ತಿದ್ದಾನೆ. ಅದರ ಟೋನ್ ಬಗ್ಗೆ ಎಷ್ಟು ಹೊಗಳಿಕೊಂಡಿದ್ದಾನೆ ಅಂದರೆ ನಮಗೆಲ್ಲ ಬಾಯಿಪಾಠ: ಗಟ್ಟಿ ಮರ, ಒಳ್ಳೇ ತೂಕ, ಅದಕ್ಕೇ ಸ್ವರ ಅಷ್ಟು ಹೊತ್ತು ನಿಲ್ಲುತ್ತೆ. ಈಗ ಅದೇ ಗಿಟಾರು ಅವನ ಕಣ್ಣಿಗೆ ಮೋಸದ ಮಾಲಿನ ಹಾಗೆ ಕಾಣತೊಡಗಿತು. ಹೊಸ ತಂತಿ ಹಾಕಿ, ಆಂಪಿಗೆ ಸಿಕ್ಕಿಸಿ, ನಾಲ್ಕು ಸ್ವರ ನುಡಿಸಿ, "ಹೌದು ಮಾರಾಯ, ಸ್ವಲ್ಪ ಪೊಳ್ಳಾಗೇ ಕೇಳುತ್ತೆ ಅಲ್ವಾ?" ಅಂದ. ಬೆಳಗ್ಗೆವರೆಗೆ ಗಟ್ಟಿಯಾಗಿದ್ದ ಟೋನು ಮಧ್ಯಾಹ್ನದ ಹೊತ್ತಿಗೆ ಪೊಳ್ಳಾಗಿಹೋಗಿತ್ತು.

ಅವನನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನಾನೂ ಹಾಗೇ ಇದ್ದವನು. ನಾಲ್ಕೂವರೆ ಕಿಲೋ ತೂಗುವ ಗಿಟಾರನ್ನು ವರ್ಷಗಟ್ಟಲೆ ಎಡ ಭುಜಕ್ಕೆ ನೇತುಹಾಕಿಕೊಂಡು, ನೋವು ಬಂದಾಗಲೆಲ್ಲ 'ಟೋನ್ ಬೇಕಂದ್ರೆ ಇಷ್ಟಾದರೂ ತಡ್ಕೋಬೇಕು' ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡವನು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಮಾತು ತಲೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ ಅಂದರೆ, ಮರದ ವಿಷಯದಲ್ಲೂ ಭಾರ ಇದ್ದದ್ದು ಒಳ್ಳೆಯದು, ಹಗುರ ಇದ್ದದ್ದು ಅಗ್ಗದ್ದು ಅಂತಲೇ ಅನಿಸುತ್ತೆ.

ಅಸಲಿಗೆ ಗಿಟಾರಿನ ಬಾಡಿಯನ್ನು ಯಾಕೆ ಗಟ್ಟಿ ಮಾಡಿದರು ಅನ್ನೋದನ್ನು ನೆನಪು ಮಾಡಿಕೊಂಡರೆ ಗಟ್ಟಿಯದು ಒಳ್ಳೇದೋ ಟೊಳ್ಳಿನದು ಒಳ್ಳೇದೋ ಅನ್ನುವ ಈ ಜಗಳ ಇನ್ನಷ್ಟು ತಮಾಷೆಯಾಗಿ ಕಾಣುತ್ತೆ. ಟೊಳ್ಳು ಬಾಡಿಯ ಗಿಟಾರಿಗೆ ಪಿಕಪ್ (ತಂತಿಯ ಅಲುಗಾಟವನ್ನು ಕರೆಂಟು ಮಾಡುವ ಭಾಗ) ಹಾಕಿ ಆಂಪಿನ ಮುಂದೆ ನಿಂತರೆ ಅದು ಊಳಿಡುತ್ತಿತ್ತು. ಆ ತೊಂದರೆ ತಪ್ಪಿಸೋಕೆ ಗಿಟಾರ್ ವಾದಕ ಲೆಸ್ ಪಾಲ್ 1941ರ ಸುಮಾರಿಗೆ ಎಪಿಫೋನ್ ಗಿಟಾರ್ ಕಾರ್ಖಾನೆಯಲ್ಲಿ ಕೂತು, ನಾಲ್ಕಿಂಚು ಅಗಲ ನಾಲ್ಕಿಂಚು ದಪ್ಪದ ಪೈನ್ ಮರದ ತೊಲೆಗೆ ನೆಕ್ಕು (ಗಿಟಾರಿನ ಉದ್ದನೆ ಕತ್ತು), ತಂತಿ, ಪಿಕಪ್ ಜೋಡಿಸಿದರು. ಅದಕ್ಕೆ 'ಲಾಗ್' ಅಂತಲೇ ಹೆಸರು, ಅಂದರೆ ಮರದ ದಿಮ್ಮಿ. ನೋಡೋಕೆ ಗಿಟಾರಿನ ಥರ ಇರಲಿ ಅಂತ ಒಂದು ಟೊಳ್ಳು ಗಿಟಾರನ್ನು ಸೀಳಿ ಎರಡು ಪಕ್ಕಕ್ಕೆ ರೆಕ್ಕೆಯ ಹಾಗೆ ಅಂಟಿಸಿದರು. ಅಂದರೆ ಗಟ್ಟಿ ಬಾಡಿ ಹುಟ್ಟಿದ್ದು ಮರ ಹಾಡಲಿ ಅಂತಲ್ಲ. ಮರ ಬಾಯಿ ಮುಚ್ಚಿಕೊಂಡಿರಲಿ, ತಂತಿ ಮಾತ್ರ ಮಾತಾಡಲಿ ಅಂತ.

ಗಿಬ್ಸನ್ ಕಂಪನಿ ಲೆಸ್ ಪಾಲ್ ಹೆಸರಿನ ಗಟ್ಟಿ ಗಿಟಾರನ್ನು ಹೊರತಂದಿದ್ದು 1952ರಲ್ಲಿ. ಮರುವರ್ಷವೇ ಗ್ರೆಚ್ ಕಂಪನಿಯ ಡುಯೋ ಜೆಟ್ ಬಂತು. ನೋಡಿದರೆ ಥೇಟ್ ಗಟ್ಟಿ ಗಿಟಾರು, ಒಳಗೆ ದೊಡ್ಡ ದೊಡ್ಡ ಟೊಳ್ಳು. 1958ರ ಗಿಬ್ಸನ್ ಇಎಸ್-335ರಲ್ಲಿ ನಡುವೆ ಮೇಪಲ್ ಮರದ ದಪ್ಪ ಪಟ್ಟಿ, ಎರಡೂ ಪಕ್ಕ ಖಾಲಿ. ಒಂಥರಾ ಲಾಗ್‌ನ ಮರ್ಯಾದಸ್ಥ ಮೊಮ್ಮಗ ಅದು. 1968ರಲ್ಲಿ ಫೆಂಡರ್ ಕಂಪನಿಗೆ ಹಗುರವಾದ ಆ್ಯಶ್ ಮರ ಸಿಗುವುದು ಕಷ್ಟವಾದಾಗ ಅಲ್ಲಿನ ವಿನ್ಯಾಸಗಾರ ರೋಜರ್ ರೊಸ್‌ಮೈಸ್ಲ್ ಟೆಲಿಕ್ಯಾಸ್ಟರ್ ಅನ್ನುವ ಗಿಟಾರಿನ ಒಳಗನ್ನು ಕೊರೆದು ಥಿನ್‌ಲೈನ್ ಮಾಡಿದರು. ಗಮನಿಸಿ, ಕೊರೆದದ್ದು ಟೋನಿಗಾಗಿ ಅಲ್ಲ, ತೂಕಕ್ಕಾಗಿ. ಟೋನಿನ ಕಥೆಗಳೆಲ್ಲ ಆಮೇಲೆ ಸೇರಿಕೊಂಡವು.

1970ರ ದಶಕದ ಲೆಸ್ ಪಾಲ್‌ಗಳನ್ನು ಎತ್ತಿದವರಿಗೆ ಗೊತ್ತು, ಕೆಲವು ಐದು ಕಿಲೋ ದಾಟುತ್ತವೆ. 1980ರ ದಶಕದ ಆರಂಭದಲ್ಲಿ ಗಿಬ್ಸನ್ ಮಹಾಗನಿಯಲ್ಲಿ ಒಂಬತ್ತು ದುಂಡನೆ ತೂತು ಕೊರೆದು ಮೇಲೆ ಮೇಪಲ್ ಹಲಗೆ ಅಂಟಿಸಿ ಮುಚ್ಚಲು ಶುರುಮಾಡಿತು. ಜನ ಇದಕ್ಕೆ 'ಸ್ವಿಸ್ ಚೀಸ್' ಅಂತ ಅಡ್ಡಹೆಸರಿಟ್ಟರು. 2008ರ ಲೆಸ್ ಪಾಲ್ ಸ್ಟ್ಯಾಂಡರ್ಡ್‌ನಲ್ಲಿ ತೂತು ಹೋಗಿ ದೊಡ್ಡ ಚೇಂಬರುಗಳೇ, ಅಂದರೆ ಒಳಗೆ ಖಾಲಿ ಕೋಣೆಗಳೇ ಬಂದವು. 2012ರಲ್ಲಿ ಮತ್ತೊಂದು ಮಾದರಿಯ ಕೊರೆತ. 2019ರಲ್ಲಿ ಸ್ಟ್ಯಾಂಡರ್ಡ್ ಹೆಸರಿನವು ಪೂರಾ ಗಟ್ಟಿ ಬಾಡಿಗೆ ವಾಪಸ್ಸಾದವು, 'ಮಾಡರ್ನ್' ಅನ್ನುವ ಇನ್ನೊಂದು ಮಾದರಿಯಲ್ಲಿ ಕೊರೆತ ಉಳಿಯಿತು. ಬೇಕಾದವರಿಗೆ ಬೇಕಾದ್ದು.

ತೂತು ಕೊರೆಯುವುದಕ್ಕೂ ಚೇಂಬರ್ ಮಾಡುವುದಕ್ಕೂ ವ್ಯತ್ಯಾಸ ಇದೆ, ಅದನ್ನು ಬೆರೆಸಿ ಮಾತಾಡುವುದರಿಂದಲೇ ಅರ್ಧ ಗೊಂದಲ. ಒಂದು ಸಣ್ಣ ಲೆಕ್ಕ ಹಾಕೋಣ. ಮಹಾಗನಿ ಒಂದು ಘನ ಸೆಂಟಿಮೀಟರಿಗೆ ಸುಮಾರು 0.55 ಗ್ರಾಂ ತೂಗುತ್ತೆ ಅಂತಿಟ್ಟುಕೊಳ್ಳಿ. 38 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಆಳದ ಒಂದು ತೂತು ಕೊರೆದರೆ ಹೊರಗೆ ಬರುವ ಮರ 22 ಗ್ರಾಂ. ಅಂಥ ಒಂಬತ್ತು ತೂತಿಗೆ 200 ಗ್ರಾಂ ಕೂಡ ಆಗಲಿಲ್ಲ. ಅರ್ಧ ಕಿಲೋ ಇಳಿಸಬೇಕಂದರೆ ಹತ್ತಿರ ಹತ್ತಿರ ಒಂದು ಲೀಟರಿನಷ್ಟು ಮರ ತೆಗೀಬೇಕು. ಲೀಟರ್ ಬಾಟಲಿಯನ್ನು ಗಿಟಾರಿನ ಪಕ್ಕದಲ್ಲಿಟ್ಟು ನೋಡಿ, ಅದು ಎಂಥ ಗುಹೆ ಅಂತ ಗೊತ್ತಾಗುತ್ತೆ. ಹಾಗಾಗಿ ತೂತು ಬರೀ ಸಮಾಧಾನಕ್ಕೆ, ನಿಜವಾಗಿ ಹಗುರ ಆಗೋದು ಚೇಂಬರಿನಿಂದ.

ಇನ್ನೊಂದು ವಿಷಯ ಇದರಲ್ಲೇ ಸಿಕ್ಕಿಕೊಂಡಿದೆ. ಮರಕ್ಕೆ ಮರಕ್ಕೆ ತೂಕ ಬೇರೆ. ಒಂದೇ ಮಾದರಿಯ ಎರಡು ಗಟ್ಟಿ ಗಿಟಾರುಗಳ ನಡುವೆಯೇ ಅರ್ಧ, ಮುಕ್ಕಾಲು ಕಿಲೋ ಫರಕು ಬರುತ್ತೆ. ಭಾರದ ಮಹಾಗನಿಯಲ್ಲಿ ಮಾಡಿದ ಟೊಳ್ಳು ಗಿಟಾರು, ಹಗುರ ಮಹಾಗನಿಯಲ್ಲಿ ಮಾಡಿದ ಗಟ್ಟಿ ಗಿಟಾರು ಎರಡೂ ತಕ್ಕಡಿಯಲ್ಲಿ ಸಮಕ್ಕೆ ನಿಲ್ಲಬಹುದು. 'ಹಗುರ ಇದ್ದರೆ ಟೋನ್ ತೆಳ್ಳಗೆ' ಅನ್ನುವವರನ್ನು ನಾನು ಕೇಳೋದು ಇಷ್ಟೇ: ಇವೆರಡರಲ್ಲಿ ತೆಳ್ಳಗೆ ಯಾವುದು?

ಸರಿ, ಶಬ್ದದ ವಿಷಯಕ್ಕೆ ಬರೋಣ. ಪಿಕಪ್‌ಗೆ ಕಿವಿ ಇಲ್ಲ. ಅದೊಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಹಳೇ ಗಿಬ್ಸನ್ ಗಿಟಾರುಗಳ ಹಂಬಕರ್ ಅನ್ನುವ ಜೋಡಿ ಕಾಯಿಲ್ ಪಿಕಪ್‌ಗಳಲ್ಲಿ ಒಂದೊಂದು ಕಾಯಿಲ್‌ಗೂ ಸುಮಾರು 5,000 ಸುತ್ತು. ಮೇಲೆ ಲೋಹದ ತಂತಿ ಅಲುಗಾಡಿದರೆ ಅದರಲ್ಲಿ ಕರೆಂಟು ಹುಟ್ಟುತ್ತೆ, ಅಷ್ಟೇ ಅದಕ್ಕೆ ಗೊತ್ತು. ಮರ ಎಷ್ಟೇ ಚೆನ್ನಾಗಿ ಗುಂಯ್‌ಗುಟ್ಟಿದರೂ ಆ ಗುಂಯ್ ಅನ್ನೋದು ಗಾಳಿಯಲ್ಲಿ ಹೋಗಿ ಪಿಕಪ್ ಸೇರೋದಿಲ್ಲ. ಅಕೂಸ್ಟಿಕ್ ಗಿಟಾರಿನ ನಡುವಿನ ತೂತಿನಿಂದ ಗಾಳಿ ಒಳಗೆ ಹೊರಗೆ ಆಡುತ್ತೆ, ಆ ಮಂದ್ರ ಬರೋದೇ ಅದರಿಂದ. ಎಲ್ಲ ಕಡೆ ಮುಚ್ಚಿದ ಚೇಂಬರಿಗೆ ಅಂಥ ಬಾಯಿಯೇ ಇಲ್ಲ. ಹಾಗಾಗಿ ಅದರೊಳಗಿನ ಗಾಳಿ ಟೋನಿಗೆ ಏನೋ ಮಾಡುತ್ತೆ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ.

ಹಾಗಂತ ಮರಕ್ಕೂ ಟೋನಿಗೂ ಸಂಬಂಧವೇ ಇಲ್ಲ ಅಂತ ಕೈ ತೊಳೆದುಕೊಂಡರೂ ತಪ್ಪಾಗುತ್ತೆ. ತಂತಿಯ ಎರಡು ತುದಿ ಮರಕ್ಕೇ ಬಿಗಿದಿರೋದಲ್ವಾ? ಆ ತುದಿಗಳು ಒಂದಿಷ್ಟು ಅಲುಗಿದರೂ ತಂತಿಯ ಶಕ್ತಿ ಅಲ್ಲಿಂದ ಸೋರುತ್ತೆ. ಯಾವ ಸ್ವರದಲ್ಲಿ ಜಾಸ್ತಿ ಸೋರುತ್ತೋ ಆ ಸ್ವರ ಬೇಗ ಸಾಯುತ್ತೆ. ಜರ್ಮನಿಯ ಫ್ಲೈಷರ್ ಮತ್ತು ಟ್ಸ್ವಿಕರ್ ಅನ್ನುವ ಇಬ್ಬರು ಸಂಶೋಧಕರು 1990ರ ದಶಕದಲ್ಲಿ ಎಲೆಕ್ಟ್ರಿಕ್ ಗಿಟಾರುಗಳ ಕಂಪನ ಅಳೆದು ಇದನ್ನೇ ನೋಡಿದರು. ಅವರಿಗೆ ಸಿಕ್ಕಿದ್ದು ಏನಪ್ಪಾ ಅಂದರೆ, ಬ್ರಿಜ್ ಕಡೆಯ ತುದಿ ಹೆಚ್ಚುಕಮ್ಮಿ ಅಲ್ಲಾಡೋದೇ ಇಲ್ಲ, ಆಟವೆಲ್ಲ ನೆಕ್ಕಿನದು. ಕೆಲವು ಫ್ರೆಟ್ಟುಗಳಲ್ಲಿ (ನೆಕ್ಕಿನ ಮೇಲಿನ ಲೋಹದ ಪಟ್ಟಿಗಳಲ್ಲಿ) ಸ್ವರ ಮಂಕಾಗಿ ಬಿದ್ದುಹೋಗುತ್ತಲ್ಲ, ಡೆಡ್ ಸ್ಪಾಟ್ ಅಂತೀವಲ್ಲ, ಅದರ ಮೂಲ ಬಹುಪಾಲು ಅಲ್ಲಿದೆ.

ಮಿಡಿಯುವ ತಂತಿಯ ತೂಕ ನೋಡಿದರೆ ಇದು ಆಶ್ಚರ್ಯವೂ ಅಲ್ಲ. ಮಾಮೂಲಿ ಸೆಟ್ಟಿನ ಅತಿ ದಪ್ಪ ತಂತಿಯೂ ನೆಕ್ಕಿನ ತುದಿಯ ನಟ್‌ನಿಂದ ಬ್ರಿಜ್‌ವರೆಗೆ ಐದು ಗ್ರಾಂ ತೂಗುವುದಿಲ್ಲ, ತೆಳ್ಳನೆಯದು ಕಾಲು ಗ್ರಾಂ ಆಸುಪಾಸು. ಅದು ಅಲುಗಿಸಬೇಕಾದ್ದು ಎರಡು ಮೂರು ಕಿಲೋ ಮರವನ್ನು. ಬ್ರಿಜ್‌ನ ಕೆಳಗೆ ಮರ ಗಟ್ಟಿಯಾಗಿ ಉಳಿದಿದ್ದರೆ, ದೂರದ ಮೂಲೆಯಲ್ಲಿ ಕೊರೆದದ್ದು ತಂತಿಯವರೆಗೆ ಸುದ್ದಿ ಮುಟ್ಟಿಸೋದೇ ಕಷ್ಟ. ಎಷ್ಟು ತೆಗೆದರು ಅನ್ನೋದಕ್ಕಿಂತ ಎಲ್ಲಿ ತೆಗೆದರು ಅನ್ನೋದು ಮುಖ್ಯ ಅಂತ ನಾನು ನಂಬಿರೋದು ಇದಕ್ಕೇ.

ಇಷ್ಟೆಲ್ಲ ಓದಿಕೊಂಡ ಮೇಲೂ ನನ್ನ ಕಿವಿ ಒಪ್ಪುತ್ತಿರಲಿಲ್ಲ. ಭುಜದ ಕಾಟ ತಡೆಯಲಾಗದೆ ಕೊನೆಗೆ ಮೂರು ಕಿಲೋ ಚಿಲ್ಲರೆ ತೂಗುವ ಚೇಂಬರ್ ಗಿಟಾರೊಂದನ್ನು ತಂದಿದ್ದೆ, ಹಳೇ ಭಾರದ್ದೂ ಜೊತೆಗಿತ್ತು. ಎರಡೂ ಬೇರೆ ಥರ ಕೇಳುತ್ತಿದ್ದವು, ಅದರಲ್ಲಿ ಅನುಮಾನವೇ ಇಲ್ಲ. ಟೊಳ್ಳಿನದು ಸ್ವಲ್ಪ ಬಿಚ್ಚಿದ ದನಿ, ಮೆತ್ತಗಿನ ಹೊಡೆತ. ಗಟ್ಟಿಯದು ಬಿಗಿ. ಆದರೆ ಅವೆರಡರ ಪಿಕಪ್ಪೇ ಬೇರೆ! ಒಂದು ಭಾನುವಾರ ಕಾವುಕಡ್ಡಿ ಹಿಡಿದು ಕೂತು ಭಾರದ ಗಿಟಾರಿನ ಪಿಕಪ್ಪು, ಅದರ ವಾಲ್ಯೂಮ್ ಟೋನ್ ತಿರುಗಿಸುವ ಪಾಟುಗಳ ಸಮೇತ ಕಿತ್ತು ಟೊಳ್ಳಿನದಕ್ಕೆ ಹಾಕಿದೆ. ಮೊದಲು ಹಳೇ ಜಾಗದಲ್ಲೇ ರೆಕಾರ್ಡ್, ಆಮೇಲೆ ಹೊಸ ಜಾಗದಲ್ಲಿ. ಅದೇ ಅಳತೆಯ ಹೊಸ ತಂತಿ, ಅದೇ ಕೇಬಲ್ಲು, ತಂತಿಯಿಂದ ಪಿಕಪ್ಪಿಗೆ ಅಷ್ಟೇ ದೂರ.

ಕೇಳಿದರೆ ವ್ಯತ್ಯಾಸ ಇನ್ನೂ ಇತ್ತು. ಕಮ್ಮಿಯಾಗಿತ್ತು, ಆದರೆ ಇತ್ತು. ಟೊಳ್ಳಿನದು ಈಗಲೂ ಮೆತ್ತಗೆ. 'ನೋಡಿದ್ಯಾ, ಮರವೇ ಕಾರಣ' ಅಂತ ಒಳಗೊಳಗೇ ಖುಷಿಪಟ್ಟೆ.

ಎರಡು ದಿನ ಆದ ಮೇಲೆ ಇನ್ನೊಂದು ಅನುಮಾನ ಬಂತು. ನುಡಿಸಿದ ಕೈ ನನ್ನದೇ, ನಿಜ. ಆದರೆ ಎರಡೂ ಸಲ ಒಂದೇ ಥರ ನುಡಿಸಿದೆನಾ? ಟೊಳ್ಳು ಗಿಟಾರನ್ನು ತೊಡೆ ಮೇಲೆ ಇಟ್ಟುಕೊಂಡರೆ ಅದು ಹೊಟ್ಟೆಗೆ, ಪಕ್ಕೆಲುಬಿಗೆ, ಮೇಲೆ ಊರಿದ ಮುಂಗೈಗೆ ನಡುಕ ಕೊಡುತ್ತೆ. ಆಂಪ್ ಇಲ್ಲದೆಯೂ ಕೋಣೆಯ ಆ ಮೂಲೆಗೆ ಕೇಳುವಷ್ಟು ದನಿ ಮಾಡುತ್ತೆ. ಮೆಲ್ಲಗೆ ಮುಟ್ಟಿದರೂ ಉತ್ತರ ಕೊಡುತ್ತೆ. ಉತ್ತರ ಕೊಡುವವರ ಹತ್ತಿರ ಯಾರೂ ಕಿರುಚಿ ಮಾತಾಡೋದಿಲ್ಲ ಅಲ್ವಾ, ಹಾಗೇ ನನ್ನ ಕೈಯೂ ತಾನಾಗೇ ಮೆತ್ತಗಾಗಿತ್ತೇನೋ. ಭಾರದ್ದು ಕಲ್ಲಿನ ಹಾಗೆ ಸುಮ್ಮನೆ ಕೂತಿರುತ್ತೆ, ಅದನ್ನು ಎಬ್ಬಿಸೋಕೆ ನಾವೇ ಜೋರಾಗಿ ಹೊಡೀತೀವಿ.

ಇದನ್ನು ಪರೀಕ್ಷೆ ಮಾಡೋಕೆ ಒಂದು ಹಳೇ ಉಪಾಯ ಇದೆ. ತಾಮ್ರದ ತೆಳ್ಳನೆ ಎಳೆಯನ್ನು ಗಿಟಾರ್ ತಂತಿಯ ಸುತ್ತ ಕುಣಿಕೆಯ ಹಾಗೆ ಹಾಕಿ, ಎಳೆ ತುಂಡಾಗುವವರೆಗೆ ನಿಧಾನಕ್ಕೆ ಎಳೆಯೋದು. ಎಳೆ ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ಬಲಕ್ಕೆ ತುಂಡಾಗುತ್ತೆ, ಹಾಗಾಗಿ ತಂತಿಗೂ ಪ್ರತಿ ಸಲ ಅಷ್ಟೇ ಹೊಡೆತ ಬೀಳುತ್ತೆ. ಕೈಯ ಮರ್ಜಿ ಇಲ್ಲ. ಕೆಟ್ಟುಹೋದ ಹೆಡ್‌ಫೋನಿನ ವೈರು ಸಿಪ್ಪೆ ಸುಲಿದು ಎಳೆ ಬಿಡಿಸಿಕೊಂಡೆ. ಪಿಕಪ್ ಮತ್ತೆ ಹಳೇ ಗಿಟಾರಿಗೆ, ಮತ್ತೆ ಹೊಸದಕ್ಕೆ. ಬ್ರಿಜ್‌ನಿಂದ ಇಷ್ಟೇ ದೂರ ಅಂತ ಟೇಪ್ ಅಂಟಿಸಿ ಗುರುತು ಮಾಡಿ, ಒಂದೊಂದು ಸ್ವರಕ್ಕೂ ಕುಣಿಕೆ ಹಾಕಿ, ಉಸಿರು ಬಿಗಿಹಿಡಿದು ಎಳೆದು, 'ಟಿಕ್' ಅಂತ ತುಂಡಾದಾಗ ಸ್ವರ ಬಿಟ್ಟುಕೊಂಡು... ಮನೆಯವರು ಬಾಗಿಲಲ್ಲಿ ನಿಂತು ನೋಡಿ ಏನೂ ಕೇಳದೆ ವಾಪಸ್ ಹೋದರು. ಕೇಳದೇ ಇದ್ದದ್ದೇ ಒಳ್ಳೇದಾಯಿತು.

ಫೈಲುಗಳಿಗೆ ಬರೀ ನಂಬರ್ ಹಾಕಿ, ಕಲಸಿ ಕೊಡು ಅಂತ ಗೆಳೆಯನಿಗೆ ಹೇಳಿದೆ. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೇಳಿದೆ. ಗಟ್ಟಿ, ಟೊಳ್ಳು, ಟೊಳ್ಳು, ಗಟ್ಟಿ ಅಂತ ಬರೆದುಕೊಂಡು ಹೋದೆ, ತುಂಬಾ ಧೈರ್ಯವಾಗಿ. ಆಮೇಲೆ ತಾಳೆ ನೋಡಿದರೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿ ಬರುತ್ತಿತ್ತು. ಒಂದು ಸ್ವರ ಮಾತ್ರ ಪ್ರತಿ ಸಲ ಹಿಡಿದೆ. ಮೂರನೇ ತಂತಿಯಲ್ಲಿ ಹನ್ನೆರಡರ ಆಸುಪಾಸಿನ ಒಂದು ಫ್ರೆಟ್ಟು, ಭಾರದ ಗಿಟಾರಿನಲ್ಲಿ ಅದು ಬೇಗ ಸಾಯುತ್ತೆ. ಟೊಳ್ಳಿನದರಲ್ಲಿ ಅಲ್ಲಿ ಸ್ವರ ಚೆನ್ನಾಗಿ ನಿಲ್ಲುತ್ತೆ. ಸಸ್ಟೇನ್ (ಸ್ವರ ನಿಲ್ಲುವ ಕಾಲ) ಜಾಸ್ತಿ ಅಂತ ಹೊತ್ತು ತಿರುಗಿದ ಗಿಟಾರೇ ಮೊದಲು ಉಸಿರು ಬಿಟ್ಟಿತ್ತು! ಅದೂ ಬಾಡಿಯ ದೆಸೆಯಿಂದ ಇರಲಾರದು, ಎರಡರ ನೆಕ್ಕೂ ಬೇರೆ ಬೇರೆ ತಾನೆ.

ಅದೇ ದಿನ ಇನ್ನೊಂದು ಕೆಲಸ ಮಾಡಿದೆ. ಪಿಕಪ್ಪಿನ ಪಕ್ಕದ ಸ್ಕ್ರೂ ತಿರುಗಿಸಿ ಅದನ್ನು ಒಂದು ಮಿಲಿಮೀಟರ್ ಮೇಲಕ್ಕೆತ್ತಿದೆ. ಕಿವಿಗೆ ಹೊಡೆದ ಹಾಗೆ ಗೊತ್ತಾಯಿತು. ಗೆಳೆಯನಿಗೂ, ಗಿಟಾರ್ ಅಂದರೆ ಏನಂತಲೇ ಗೊತ್ತಿಲ್ಲದ ಅವನ ತಮ್ಮನಿಗೂ. 500ಕೆ (500 ಕಿಲೋ ಓಮ್) ಪಾಟ್ ತೆಗೆದು 250ಕೆ ಹಾಕಿದರೂ ಹಾಗೇ, ಮೇಲಿನ ಹೊಳಪೆಲ್ಲ ಇಳಿದುಹೋಗುತ್ತೆ. ಉದ್ದದ ಕೇಬಲ್ ಹಾಕಿದರೂ ಅಷ್ಟೇ. ಒಂದು ಲೀಟರ್ ಮರ ಮಾಡದ ಕೆಲಸವನ್ನು ಒಂದು ಸ್ಕ್ರೂ ಮಾಡಿತು.

ಹಾಗಾದರೆ ಚೇಂಬರ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಂತೀಯಾ ಅಂದರೆ, ಇಲ್ಲ. ಜೋರಾಗಿ ನುಡಿಸುವಾಗ ಲೆಕ್ಕ ಬೇರೆ. ಆಂಪ್ ಹತ್ತಿರ ನಿಂತು ಗೇನ್ ಏರಿಸಿದರೆ ಸ್ಪೀಕರಿನ ಗಾಳಿ ಗಿಟಾರಿನ ಮೇಲ್ಮೈಯನ್ನು ತಳ್ಳುತ್ತೆ. ಕೆಳಗೆ ಟೊಳ್ಳಿದ್ದರೆ ಆ ತೆಳ್ಳನೆ ಹಲಗೆ ಸುಲಭವಾಗಿ ಅಲ್ಲಾಡುತ್ತೆ, ತಂತಿಯನ್ನೂ ಪಿಕಪ್ಪನ್ನೂ ಅಲ್ಲಾಡಿಸುತ್ತೆ, ಅದು ಮತ್ತೆ ಆಂಪಿಗೆ ಹೋಗುತ್ತೆ, ಸುತ್ತಿ ಸುತ್ತಿ ಊಳು ಶುರು. ಅಭ್ಯಾಸದ ಕೋಣೆಯಲ್ಲಿ ನನ್ನ ಟೊಳ್ಳು ಗಿಟಾರು ಭಾರದ್ದಕ್ಕಿಂತ ಬೇಗ ಫೀಡ್‌ಬ್ಯಾಕಿಗೆ ಹೋಗುತ್ತೆ. ಎಷ್ಟೋ ಸಲ ಅದು ಸ್ವರದ ಮೇಲೇ ಹತ್ತಿ ಕೂತು ಹಾಡುತ್ತೆ, ಆಗ ಖುಷಿ. ಕೆಲವು ಸಲ ಬೇಡದ ಜಾಗದಲ್ಲಿ ಕುಂಯ್‌ಗುಡುತ್ತೆ, ಆಗ ಡ್ರಮ್ಮರ್ ಗುರಾಯಿಸುತ್ತಾನೆ. ಎಫ್ ಆಕಾರದ ತೂತು ಇರುವ ಗಿಟಾರುಗಳಲ್ಲಿ ಇದು ಇನ್ನೂ ಜಾಸ್ತಿ. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಆ ತೂತುಗಳಿಗೆ ಬಟ್ಟೆ ತುರುಕುತ್ತಿದ್ದರು. ಕಿಂಗ್ ತಮ್ಮ ಗಿಟಾರಿಗೆ ಇಟ್ಟಿದ್ದ ಲೂಸಿಲ್ ಹೆಸರಿನ ಮಾದರಿಯನ್ನು 1980ರಲ್ಲಿ ಗಿಬ್ಸನ್ ಕಂಪನಿ ತಂದಾಗ ಎಫ್ ತೂತುಗಳನ್ನೇ ಬಿಟ್ಟುಬಿಟ್ಟಿತು. ಮರ ಟೋನಿನೊಳಗೆ ನಿಜವಾಗಿ ಕೈ ಹಾಕೋದು ಇಲ್ಲಿ, ಮತ್ತೆ ನುಡಿಸುವವನ ಕೈಯಲ್ಲಿ. ಆ ಎರಡನೆಯದನ್ನು ಅಳೆಯೋಕೆ ಆಗಲ್ಲ ಅಂತ ಲೆಕ್ಕಕ್ಕೇ ತಗೊಳ್ಳದವರನ್ನು ಕಂಡರೆ ನನಗೆ ಸಿಟ್ಟು. ತಾಮ್ರದ ಎಳೆ ಯಾವ ಕಛೇರಿಯಲ್ಲೂ ಕೂತು ನುಡಿಸೋದಿಲ್ಲವಲ್ಲ.

ಹಗುರ ಮಾಡುವುದರಲ್ಲೂ ಒಂದು ಮಿತಿ ಇದೆ. ಬಾಡಿ ತೀರಾ ಹಗುರವಾದರೆ ತಲೆ ಭಾರವಾಗಿ ನೆಕ್ಕು ನೆಲಕ್ಕೆ ಬಾಗುತ್ತೆ, ಎಡಗೈ ಸ್ವರ ಹಿಡಿಯೋದು ಬಿಟ್ಟು ಗಿಟಾರು ಹಿಡಿಯೋ ಕೆಲಸಕ್ಕೆ ನಿಲ್ಲಬೇಕಾಗುತ್ತೆ. ಇನ್ನು ಮನೆಯಲ್ಲೇ ಕೊರೆಯೋ ಸಾಹಸಕ್ಕೆ ಇಳಿಯಬೇಡಿ. ಒಂದು ಹಳೇ ಬಾಡಿಯ ಮೇಲೆ ನಾನು ಕೈಯಾಡಿಸಿದ್ದೆ. ಡ್ರಿಲ್ ಬಿಟ್ಟಿನ ನಡುವಿನ ಮುಳ್ಳು ಬಿಟ್ಟಿಗಿಂತ ಮುಂದಿರುತ್ತೆ ಅನ್ನೋದು ಮರೆತುಹೋಗಿ, ಆ ಕಡೆಯ ಪೇಂಟಿನಲ್ಲಿ ಸಾಸಿವೆ ಕಾಳಿನಷ್ಟು ತೂತು ಬಿತ್ತು. ಆಮೇಲೆ ಸ್ಟ್ರ್ಯಾಪ್ ಬಟನ್ನಿನ ಸ್ಕ್ರೂ ಬಿಗಿಯೋಕೆ ಹೋದರೆ ಅದು ತಿರುಗುತ್ತಲೇ ಇದೆ, ಒಳಗೆ ಹಿಡಿಯೋಕೆ ಮರವೇ ಇಲ್ಲ. ಆ ಬಾಡಿ ಈಗ ಗೋಡೆ ಮೇಲಿದೆ.

ಗೆಳೆಯನ ಗಿಟಾರಿನ ಕಥೆ ಹೇಳಲೇ ಇಲ್ಲ. ಮಾರಿಬಿಡ್ತೀನಿ ಅಂತ ಎರಡು ವಾರ ಕುಣಿದ. ನಾನು ಅವನದೇ ಹಳೇ ರೆಕಾರ್ಡಿಂಗ್ ಒಂದನ್ನು ಹಾಕಿ, "ಇದರಲ್ಲಿ ಪೊಳ್ಳು ಎಲ್ಲಿದೆ ತೋರಿಸು" ಅಂದೆ. ಪೂರ್ತಿ ಕೇಳಿದ. "ಆವಾಗ ನನಗೆ ಗೊತ್ತಿರಲಿಲ್ಲವಲ್ಲ" ಅಂದ, ಗಂಭೀರವಾಗಿ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗಿಟಾರು ಇನ್ನೂ ಅವನ ಹತ್ತಿರವೇ ಇದೆ. ಒಂದು ಹೊಸ ಅಭ್ಯಾಸ ಮಾತ್ರ ಅಂಟಿಕೊಂಡಿದೆ, ಯಾರದೇ ಗಿಟಾರು ಕೈಗೆ ಸಿಗಲಿ, ನುಡಿಸುವ ಮೊದಲು ಬೋರಲು ಹಾಕಿ ಬೆನ್ನ ಮೇಲೆ ತಟ್ಟಿ ನೋಡುತ್ತಾನೆ. ಮೊನ್ನೆ ನನ್ನ ಭಾರದ ಗಿಟಾರಿಗೂ ತಟ್ಟಿದ. ಎಲ್ಲ ಕಡೆ ಠಕ್. "ಅಬ್ಬಾ, ಇದು ಅಸಲಿ" ಅಂತ ಎತ್ತಿ ಹೆಗಲಿಗೆ ಹಾಕಿಕೊಂಡ. ಎರಡು ಹಾಡು ಮುಗಿಯೋದರೊಳಗೆ ಕುರ್ಚಿ ಕೇಳಿದ.